ದೇಶವಾರು ‘ಐಕ್ಯೂ’ ಪಟ್ಟಿ ಮತ್ತು ಸಿನಿಮಾದ ‘ಗಣಿತದ ಹುಲಿ’: ಎರಡನ್ನೂ ಒಂದೇ ಸಂಜೆ ಚರ್ಚೆಗೆ ತರೋದು ಹೇಗೆ?

ಚಿತ್ರಸಂಜೆ (ಪ್ರಶ್ನೆ)

ಪದವಿ ಕಾಲೇಜೊಂದರ ಚಿತ್ರ ಸಂಘದಲ್ಲಿ ಒಂದೂವರೆ ಗಂಟೆಯ ಚರ್ಚೆ ನಡೆಸಬೇಕಿದೆ. ವಿಷಯ: ‘ಯಾವ ದೇಶದವರು ಬುದ್ಧಿವಂತರು ಅಂತ ನಮಗೆ ಹೇಳಿಕೊಟ್ಟವರು ಯಾರು?’

ಎರಡು ಸಂಗತಿ ಒಂದಕ್ಕೊಂದು ತಾಳೆ ಆಗ್ತಿಲ್ಲ. ವಾಟ್ಸಾಪಿನಲ್ಲಿ ಓಡಾಡುವ ದೇಶವಾರು ಐಕ್ಯೂ (ಬುದ್ಧಿಮಟ್ಟದ ಅಂಕ) ಪಟ್ಟಿಯಲ್ಲಿ ಜಪಾನಿಗೆ 105ರ ಆಸುಪಾಸು, ಭಾರತಕ್ಕೆ 80ರ ಆಸುಪಾಸು. ಅಮೆರಿಕದ ಸಿನಿಮಾ, ಧಾರಾವಾಹಿ ಹಾಕಿದರೆ ಅದೇ ಭಾರತೀಯ ವಿಜ್ಞಾನಿ, ಡಾಕ್ಟರು, ಕಂಪ್ಯೂಟರ್ ಪಂಡಿತ. ವಿದ್ಯಾರ್ಥಿಗಳು ಎರಡನ್ನೂ ನಂಬುತ್ತಾರೆ: ಒಂದು ದಿನ ಹೆಮ್ಮೆ, ಇನ್ನೊಂದು ದಿನ ಅವಮಾನ.

ಪಟ್ಟಿ ಹುಟ್ಟಿದ್ದು ಎಲ್ಲಿ, ಅದನ್ನು ಪರೀಕ್ಷೆ ಮಾಡೋದು ಹೇಗೆ? ಸಿನಿಮಾದ ಆ ಭಾರತೀಯ ಎಲ್ಲಿಂದ ಬಂದ? ಯಾವ ತುಣುಕು ತೋರಿಸಿ ಏನು ಕೇಳಿದರೆ ಮಾತು ಹಳಿ ತಪ್ಪಲ್ಲ? ಉಪದೇಶಕ್ಕಿಂತ ವಿದ್ಯಾರ್ಥಿಗಳ ಕೈಗೆ ಕೊಡಬಹುದಾದ ವಿವರ ಸಿಕ್ಕರೆ ಉಪಕಾರವಾಗುತ್ತೆ.

ಅಂಕಿಗಣ್ಣು

ಮೊದಲು ಪಟ್ಟಿ. ಓಡಾಡ್ತಿರೋ ಪಟ್ಟಿಗಳಲ್ಲಿ ಹೆಚ್ಚಿನವು ಮನೋವಿಜ್ಞಾನಿ ರಿಚರ್ಡ್ ಲಿನ್ ಮತ್ತು ತಾತು ವನ್ಹಾನೆನ್ 2002ರಲ್ಲಿ ಹೊರತಂದ ಪುಸ್ತಕದ ಅಂಕಿಗಳು, ಇಲ್ಲವೇ ಅದನ್ನೇ ತಿದ್ದಿ ಬೆಳೆಸಿದ ಮುಂದಿನ ಆವೃತ್ತಿಗಳು. ಆ ಪುಸ್ತಕದಲ್ಲಿ 185 ದೇಶಗಳಿಗೆ ಅಂಕ ಕೊಟ್ಟಿದ್ದಾರೆ. ಪರೀಕ್ಷೆ ನಡೆದ ದಾಖಲೆ ಇದ್ದದ್ದು 81 ದೇಶಗಳಿಗೆ ಮಾತ್ರ. ಉಳಿದ 104 ದೇಶಗಳಿಗೆ ನೆರೆಹೊರೆಯ ದೇಶಗಳ ಅಂಕ ನೋಡಿ ಅಂದಾಜು. ಅಂದರೆ ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ಒಂದು ಮಗುವೂ ಪೆನ್ಸಿಲ್ ಹಿಡಿದಿಲ್ಲ.

ದಾಖಲೆ ಇರೋ ಕಡೆ ಏನಾಗಿದೆ ನೋಡಿ. ಆಫ್ರಿಕದ ಈಕ್ವಟೋರಿಯಲ್ ಗಿನಿಗೆ 59 ಅಂತ ಬರೆದಿದ್ದಾರೆ. ಆ 59 ಬಂದದ್ದು ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ಸ್ಪೇನಿನಲ್ಲಿ ಇದ್ದ ಒಂದು ನಿಲಯದ ಮಕ್ಕಳಿಂದ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು ಅಂತೀವಲ್ಲ, ಅದು ಒಂದೇ ಪಾತ್ರೆಯಲ್ಲಿ ಬೆಂದ ಅಕ್ಕಿಗೆ ಸರಿ. ಇಲ್ಲಿ ಅಗುಳು ತೆಗೆದದ್ದೇ ಬೇರೆ ಪಾತ್ರೆಯಿಂದ. ವಿದ್ಯಾರ್ಥಿಗಳ ಮುಂದೆ ಪಟ್ಟಿ ಹಾಕಿ ಈ ಒಂದು ಸಾಲಿನ ಮೇಲೆ ಹತ್ತು ನಿಮಿಷ ನಿಲ್ಲಿ, ಸಾಕು. ಇಡೀ ಪಟ್ಟಿಯನ್ನು ಸಾಲುಸಾಲಾಗಿ ಖಂಡಿಸೋಕೆ ಹೋದರೆ ಯಾರ ತಲೆಗೂ ಏನೂ ಇಳಿಯಲ್ಲ.

ಅಂಕ ತಯಾರಾಗುವ ಬಗೆಯೂ ಗೊತ್ತಿರಲಿ. ಬಹುಪಾಲು ಬಳಕೆಯಾದದ್ದು ರೇವನ್ ಮಾತೃಕೆಗಳು ಎಂಬ ಚಿತ್ರ ಪರೀಕ್ಷೆ. 1938ರಲ್ಲಿ ಪ್ರಕಟವಾದ ಮೂಲ ಪರೀಕ್ಷೆಯಲ್ಲಿ ಐದು ಕಂತು, ಕಂತಿಗೆ 12ರಂತೆ 60 ಪ್ರಶ್ನೆ. ಅಕ್ಷರವೇ ಇಲ್ಲ. ಒಂದು ಚಿತ್ರವಿನ್ಯಾಸದಲ್ಲಿ ಒಂದು ತುಂಡು ಖಾಲಿ ಇರುತ್ತೆ, ಕೆಳಗಿನ ಆಯ್ಕೆಗಳಲ್ಲಿ ಸರಿಯಾದ ತುಂಡನ್ನು ಗುರುತಿಸಬೇಕು. ಬ್ರಿಟನ್ನಿನ ಸರಾಸರಿಯನ್ನು 100 ಅಂತ ಇಟ್ಟು ಉಳಿದವರನ್ನು ಅದಕ್ಕೆ ಹೋಲಿಸ್ತಾರೆ. ಅಕ್ಷರ ಇಲ್ಲ ಅಂದಾಕ್ಷಣ ‘ಇದು ಎಲ್ಲರಿಗೂ ಸಮ’ ಅನ್ನೋರಿದ್ದಾರೆ. ಆದರೆ ಸಾಲು, ಕಂಬಸಾಲು ಎಂಬ ಚೌಕಟ್ಟಿನಲ್ಲಿ ಚಿತ್ರ ಓದೋದು, ಗಡಿಯಾರ ಇಟ್ಟುಕೊಂಡು ಒಬ್ಬೊಬ್ಬರೇ ಮಾತಿಲ್ಲದೆ ಉತ್ತರಿಸೋದು, ಇವೆಲ್ಲ ಶಾಲೆ ಕಲಿಸುವ ಅಭ್ಯಾಸಗಳು.

ಇದಕ್ಕೆ ಗಟ್ಟಿ ಸಾಕ್ಷಿ ಜೇಮ್ಸ್ ಫ್ಲಿನ್ ತೋರಿಸಿದ ಏರಿಕೆ. ನೆದರ್‌ಲೆಂಡ್ಸಿನಲ್ಲಿ ಸೇನೆಗೆ ಕರೆ ಬಂದ ಹುಡುಗರ ಅಂಕ 1952ರಿಂದ 1982ರೊಳಗೆ ಸುಮಾರು 20 ಏರಿತು. ಕೀನ್ಯಾದ ಎಂಬು ಪ್ರದೇಶದ ಹಳ್ಳಿ ಮಕ್ಕಳ ರೇವನ್ ಅಂಕ 1984ರಿಂದ 1998ಕ್ಕೆ 26 ಏರಿತು. ಹದಿನಾಲ್ಕು ವರ್ಷದಲ್ಲಿ ಜನಾಂಗದ ರಕ್ತ ಬದಲಾಗಲ್ಲ. ಬದಲಾದದ್ದು ಮಕ್ಕಳ ಊಟ, ತಂದೆತಾಯಿಯ ಓದು, ಕುಟುಂಬದ ಗಾತ್ರ. ಪಟ್ಟಿಯಲ್ಲಿ ಭಾರತಕ್ಕೂ ಜಪಾನಿಗೂ ಇರುವ ಅಂತರಕ್ಕಿಂತ ಆ ಹಳ್ಳಿಗಳ ಏರಿಕೆ ದೊಡ್ಡದು ಅನ್ನೋದನ್ನು ಬಿಡದೆ ಹೇಳಿ.

ಹಾಗಾಗಿ ಯಾವ ಪಟ್ಟಿ ಸಿಕ್ಕರೂ ಮೊದಲು ಕೇಳಬೇಕಾದ್ದು: ಎಷ್ಟು ಜನ, ಯಾವ ವಯಸ್ಸು, ಯಾವ ಊರು ಮತ್ತು ಶಾಲೆ, ಪರೀಕ್ಷೆ ನಡೆದ ವರ್ಷ ಯಾವುದು, ಅಂಕ ಹೋಲಿಸಿದ ಸರಾಸರಿಯ ಕೋಷ್ಟಕ ಯಾವ ವರ್ಷದ್ದು. ಕೊನೆಯದನ್ನು ಹೆಚ್ಚಿನವರು ಮರೀತಾರೆ. ಹಳೇ ಕೋಷ್ಟಕಕ್ಕೆ ಹೊಸ ಮಕ್ಕಳನ್ನು ಹೋಲಿಸಿದರೆ ಅಂಕ ಉಬ್ಬುತ್ತೆ, ಹೊಸ ಕೋಷ್ಟಕಕ್ಕೆ ಹಳೇ ಅಂಕ ಹೋಲಿಸಿದರೆ ಕುಗ್ಗುತ್ತೆ. ಮಾನವ ವರ್ತನೆ ಮತ್ತು ವಿಕಾಸ ಅಧ್ಯಯನ ಮಾಡುವವರ ಐರೋಪ್ಯ ಸಂಘ 2020ರಲ್ಲೇ ಲಿನ್ ಅವರ ದತ್ತಾಂಶ ಬಳಸಬೇಡಿ ಅಂತ ಹೇಳಿಕೆ ಕೊಟ್ಟಿದೆ.

ಕಡಲಾಚೆ

ಅಮೆರಿಕದ ಭಾರತೀಯನ ಕಥೆಗೂ ಇದೇ ಕೀಲಿಕೈ: ಯಾರನ್ನು ಆರಿಸಿ ಒಳಗೆ ಬಿಟ್ಟರು?

1911ರಲ್ಲಿ ಅಮೆರಿಕ ಸಂಸತ್ತಿನ ಡಿಲ್ಲಿಂಗ್‌ಹ್ಯಾಮ್ ಆಯೋಗ ವರದಿ ಕೊಟ್ಟಾಗ ಪಶ್ಚಿಮ ಕರಾವಳಿಯಲ್ಲಿದ್ದ ಭಾರತೀಯರು ಬಹುತೇಕ ಪಂಜಾಬಿನ ರೈತರು, ಮರದ ಕಾರ್ಖಾನೆಯ ಕೂಲಿಗಳು. ಅಲ್ಲಿಯವರೆಗೆ ಬಂದ ವಲಸಿಗರಲ್ಲೇ ಅತ್ಯಂತ ಬೇಡವಾದ ಜನ ಇವರು ಅನ್ನೋ ಅಭಿಪ್ರಾಯ ಆ ವರದಿಯಲ್ಲಿದೆ. 1917ರ ಕಾನೂನು ಬಾಗಿಲು ಮುಚ್ಚಿತು. 1946ರಲ್ಲಿ ಕಿಂಡಿ ತೆರೆದು ವರ್ಷಕ್ಕೆ 100 ಮಂದಿ ಅಂದರು. 1965ರ ಕಾನೂನು ದೇಶವಾರು ಹಳೇ ಕೋಟಾ ತೆಗೆದು ವೃತ್ತಿಪರರಿಗೆ, ಕುಟುಂಬಸ್ಥರಿಗೆ ಆದ್ಯತೆ ಕೊಟ್ಟಿತು. ಡಾಕ್ಟರು, ಎಂಜಿನಿಯರು ಹೊರಟರು. 1990ರ ನಂತರ ಎಚ್-1ಬಿ ಬಂತು. ಆ ವೀಸಾಕ್ಕೆ ಪದವಿಯೋ ಅದಕ್ಕೆ ಸಮನಾದ ಅರ್ಹತೆಯೋ ಇರಲೇಬೇಕು.

ಪರಿಣಾಮ ಏನು? ಅಮೆರಿಕದಲ್ಲಿರುವ ಭಾರತೀಯ ಮೂಲದ ವಯಸ್ಕರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ಪದವೀಧರರು. ಭಾರತದಲ್ಲಿ ಆ ಪ್ರಮಾಣದ ಹತ್ತಿರಕ್ಕೂ ಬರಲ್ಲ. ಜರಡಿ ಹಿಡಿದು ಉಳಿದ ಕಾಳನ್ನಷ್ಟೇ ತೋರಿಸಿ ‘ಈ ಹೊಲದ ಬೆಳೆಯೇ ಹೀಗೆ’ ಅಂದ ಹಾಗೆ.

ಅದೇ ದೇಶದಿಂದ ಬೇರೆ ಜರಡಿಯಲ್ಲಿ ಹೋದವರನ್ನು ನೋಡಿ. 1834ರ ನಂತರ ಮಾರಿಷಸ್, ಗಯಾನ, ಟ್ರಿನಿಡಾಡ್, ಆಮೇಲೆ ಫಿಜಿಗೆ ಕರಾರು ಕೂಲಿಗಳಾಗಿ ಹೋದವರಿಗೆ ಅಂಟಿದ್ದು ‘ಕೂಲಿ’ ಎಂಬ ಹೆಸರು. ಕೊಲ್ಲಿ ದೇಶಗಳ ಕಟ್ಟಡದ ಕೆಲಸದಲ್ಲಿರುವ ಭಾರತೀಯನನ್ನು ಅಲ್ಲಿ ಯಾರೂ ಗಣಿತದ ಹುಲಿ ಅನ್ನಲ್ಲ. ಕುಂದಾಪುರ, ಭಟ್ಕಳ ಕಡೆಯ ವಿದ್ಯಾರ್ಥಿಗಳಿದ್ದರೆ ಇದನ್ನು ನಿಮಗಿಂತ ಚೆನ್ನಾಗಿ ವಿವರಿಸ್ತಾರೆ.

ಅಮೆರಿಕದ ಇಂಗ್ಲಿಷ್ ಕಾಗುಣಿತದ ರಾಷ್ಟ್ರೀಯ ಸ್ಪರ್ಧೆಯನ್ನೂ ಹೀಗೇ ನೋಡಬೇಕು. 1985ರಲ್ಲಿ ಮೊದಲ ಸಲ ಭಾರತೀಯ ಮೂಲದ ಹುಡುಗ ಗೆದ್ದ. 2019ರಲ್ಲಿ ಎಂಟು ಮಂದಿ ಜಂಟಿ ವಿಜೇತರು, ಅವರಲ್ಲಿ ಏಳು ಮಂದಿ ಭಾರತೀಯ ಮೂಲದವರು. ನಡುವೆ ಏನಾಯಿತು ಅಂದರೆ, ಸಮುದಾಯದವರೇ ಊರೂರಲ್ಲಿ ತಯಾರಿ ಸ್ಪರ್ಧೆಗಳನ್ನು ಕಟ್ಟಿದರು. ಮಕ್ಕಳು ಗ್ರೀಕ್, ಲ್ಯಾಟಿನ್ ಧಾತುಗಳನ್ನು ವರ್ಷಗಟ್ಟಲೆ ಕಲಿತರು. ಗೆದ್ದದ್ದು ರಕ್ತ ಅಂದರೆ ಆ ಮಕ್ಕಳ ದುಡಿಮೆಯನ್ನೇ ಕಿತ್ತುಕೊಂಡ ಹಾಗಾಗುತ್ತೆ, ಅದು ನನಗೆ ಸಹಿಸಲ್ಲ.

ಮುದ್ರೆ ತಿರುಗಿ ಬೀಳೋದಕ್ಕೆ ಇನ್ನೊಂದು ಉದಾಹರಣೆ. ಮನೋವಿಜ್ಞಾನಿ ಹೆನ್ರಿ ಗೊಡ್ಡಾರ್ಡ್ ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಹಡಗಿಳಿದ ವಲಸಿಗರಿಗೆ ಪರೀಕ್ಷೆ ಕೊಟ್ಟು 1917ರಲ್ಲಿ ಪ್ರಕಟಿಸಿದ ಬರಹದಲ್ಲಿ ಪರೀಕ್ಷಿಸಿದ ಯಹೂದಿಗಳಲ್ಲಿ ನೂರಕ್ಕೆ 83 ಮಂದಿ ಮಂದಬುದ್ಧಿಯವರು ಅಂತಿತ್ತು. ಅದೇ ಯಹೂದಿಗಳನ್ನು ಎರಡು ತಲೆಮಾರು ಕಳೆಯುವಷ್ಟರಲ್ಲಿ ‘ಹುಟ್ಟು ಪ್ರತಿಭಾವಂತರು’ ಅನ್ನತೊಡಗಿದರು. ಅದೇ ಕಾಲದ ಅಮೆರಿಕ ಸೇನೆಯ ಆಲ್ಫಾ ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಕ್ರಿಸ್ಕೋ ಅಂದರೆ ಔಷಧಿಯೋ, ಕ್ರಿಮಿನಾಶಕವೋ, ಹಲ್ಲುಜ್ಜುವ ಪೇಸ್ಟೋ, ತಿನ್ನುವ ಪದಾರ್ಥವೋ? ಅದು ಅಲ್ಲಿನ ಅಂಗಡಿಯ ವನಸ್ಪತಿ ಡಬ್ಬ. ಇಂಗ್ಲಿಷ್ ಓದಲು ಬಾರದವರಿಗೆ ಕೊಟ್ಟ ಬೀಟಾ ಪರೀಕ್ಷೆಯಲ್ಲಿ ಟೆನಿಸ್ ಅಂಕಣದ ಚಿತ್ರ ತೋರಿಸಿ ಏನು ಕಾಣೆಯಾಗಿದೆ ಅಂತ ಕೇಳಿದ್ದರು, ಬಲೆ ಬರೀಬೇಕಿತ್ತು. ಕಾರ್ಲ್ ಬ್ರಿಗ್‌ಹ್ಯಾಮ್ 1923ರಲ್ಲಿ ಈ ಅಂಕಗಳಿಂದ ಯೂರೋಪಿನ ಜನಾಂಗಗಳಿಗೆ ಶ್ರೇಣಿ ಕಟ್ಟಿದ. ಅಮೆರಿಕಕ್ಕೆ ಬಂದು ಹೆಚ್ಚು ವರ್ಷ ಆದಷ್ಟೂ ಅಂಕ ಏರುತ್ತೆ ಅನ್ನೋದು ಅವನದೇ ಕೋಷ್ಟಕದಲ್ಲಿತ್ತು. ವಲಸೆಗೆ ಬೀಗ ಹಾಕಿದ ಕಾನೂನು 1924ರಲ್ಲಿ ಬಂತು. ಆತ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡದ್ದು 1930ರಲ್ಲಿ.

ಚಿತ್ರಸಂಜೆ

ಇಬ್ಬರಿಗೂ ವಂದನೆ. ‘ಐಕ್ಯೂ ಬಿಡಿ ಸಾರ್, ಪೀಸಾದಲ್ಲಿ ನಾವು ಕೊನೆಯಿಂದ ಎರಡನೆಯವರಲ್ವಾ?’ ಅಂತ ಒಬ್ಬರಾದರೂ ಕೇಳೇ ಕೇಳ್ತಾರೆ. ಅದಕ್ಕೇನು ಹೇಳಲಿ?

ಅಂಕಿಗಣ್ಣು

ಅದನ್ನು ಮುಚ್ಚಿಡಬೇಡಿ. ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆ 15 ವರ್ಷದವರ ಕಲಿಕೆಯನ್ನು ಅಳೆಯುತ್ತೆ, ಬುದ್ಧಿಯನ್ನಲ್ಲ. 2009ರ ಸುತ್ತಿನ ವಿಸ್ತರಣೆಯಲ್ಲಿ ತಮಿಳುನಾಡು, ಹಿಮಾಚಲ ಪ್ರದೇಶ ಎರಡೇ ರಾಜ್ಯ ಭಾಗವಹಿಸಿದವು. ಗಣಿತದಲ್ಲಿ ತಮಿಳುನಾಡಿಗೆ 351, ಹಿಮಾಚಲಕ್ಕೆ 338. ಆ ಸುತ್ತಿನ ಮೊದಲಿಗ ಶಾಂಘೈಗೆ 600. ಸರ್ಕಾರ ಪ್ರಶ್ನೆಗಳು ನಮ್ಮ ಪರಿಸರಕ್ಕೆ ಹೊಂದಲಿಲ್ಲ ಅಂದಿತು. ಆ ಮಾತಿನಲ್ಲಿ ಸ್ವಲ್ಪ ಹುರುಳಿದ್ದರೂ ಅದರ ಹಿಂದೆ ಅವಿತುಕೊಳ್ಳಬಾರದು. ನಮ್ಮದೇ ಪರಿಸರದಲ್ಲಿ, ನಮ್ಮದೇ ಭಾಷೆಗಳಲ್ಲಿ ನಡೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯಲ್ಲಿ ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ನೂರಕ್ಕೆ 48.8. ಇದು ಮಕ್ಕಳ ಕೊರತೆಯಲ್ಲ, ಮಕ್ಕಳಿಗೆ ಆದ ಮೋಸ.

ಇಲ್ಲೂ ‘ಯಾರನ್ನು ಎಣಿಸಿದರು’ ಅನ್ನೋದು ಮುಖ್ಯ. ಶಾಂಘೈ ಅಂದರೆ ಚೀನಾ ಅಲ್ಲ. ಸ್ವಂತ ಊರಿಗೆ ಕಟ್ಟಿಹಾಕುವ ಹುಕೋ ಎಂಬ ಕುಟುಂಬ ನೋಂದಣಿಯಿಂದಾಗಿ ಅಲ್ಲಿನ ವಲಸೆ ಕಾರ್ಮಿಕರ ಎಷ್ಟೋ ಮಕ್ಕಳು ಪ್ರೌಢಶಾಲೆ ಹೊತ್ತಿಗೆ ಸ್ವಂತ ಊರಿಗೆ ಮರಳಬೇಕಾಗುತ್ತಿತ್ತು. 2018ರಲ್ಲಿ ಚೀನಾದ ಹೆಸರಲ್ಲಿ ಕೂತದ್ದು ಬೀಜಿಂಗ್, ಶಾಂಘೈ, ಜಿಯಾಂಗ್ಸು, ಜೆಜಿಯಾಂಗ್, ಈ ನಾಲ್ಕು ಕಡೆಯವರು. ವಿಯೆಟ್ನಾಂ 2012ರಲ್ಲಿ ಗಣಿತದಲ್ಲಿ 511 ತೆಗೆದು ಎಲ್ಲರನ್ನೂ ಬೆರಗಾಗಿಸಿತು, ಆದರೆ ಆ ಮಾದರಿ ಪ್ರತಿನಿಧಿಸಿದ್ದು ಅಲ್ಲಿನ 15ರ ವಯಸ್ಸಿನವರಲ್ಲಿ ನೂರಕ್ಕೆ 56ರಷ್ಟನ್ನು. ಉಳಿದವರು ಶಾಲೆ ಬಿಟ್ಟವರು ಅಥವಾ ಕೆಳ ತರಗತಿಗಳಲ್ಲೇ ಉಳಿದವರು. ಪೀಸಾ ವರದಿಯ ಹಿಂಬದಿ ಕೋಷ್ಟಕಗಳಲ್ಲಿ ‘ವ್ಯಾಪ್ತಿ ಸೂಚ್ಯಂಕ’ ಅಂತ ಕೊಟ್ಟಿರ್ತಾರೆ. ಸ್ಥಾನ ನೋಡೋ ಮುಂಚೆ ಅದನ್ನು ನೋಡಬೇಕು.

ಫಿನ್‌ಲೆಂಡಿನ ಪವಾಡದ ಸಂದೇಶವೂ ಬಂದೇ ಬರುತ್ತೆ. ಗಣಿತದಲ್ಲಿ 2006ಕ್ಕೆ 548 ಇದ್ದದ್ದು 2022ಕ್ಕೆ 484. ಜನ ಅವರೇ.

ನವಲೂರ ಪ್ಯಾರಲ

ಧಾರವಾಡದ ಹೆಸರು ಈ ಚರ್ಚಾದಾಗ ಬರಬೇಕ್ರಿ. ಫ್ರಾನ್ಸಿನ ಬಿನೆ ಅವರ ಬುದ್ಧಿ ಪರೀಕ್ಷಾನ ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. 1930ರ ದಶಕದಾಗ, ನಮ್ಮ ಧಾರವಾಡ ಸೀಮಿಯೊಳಗ. 1940ರಾಗ ಪುಸ್ತಕಾನೂ ಬಂತು. ಬಿನೆ–ಕಾಮತ್ ಪರೀಕ್ಷಾ ಅಂತ ಇವತ್ತಿಗೂ ದವಾಖಾನಿಗಳೊಳಗ ನಡೀತದ.

ಲೆಕ್ಕ ಹಿಂಗ ಐತಿ: ಮಗೂಗ 8 ವರ್ಷ, ಅದು ಬಿಡಿಸಿದ್ದು 6 ವರ್ಷದ ಮಟ್ಟದ ಪ್ರಶ್ನೆ ತನಕ ಅಂದ್ರ, 6ನ್ನ 8ರಿಂದ ಭಾಗಿಸಿ 100ರಿಂದ ಗುಣಿಸ್ರಿ, 75 ಬರ್ತದ. ತೊಡಕು ಎಲ್ಲಿ ಅಂದ್ರ, ‘6 ವರ್ಷದ ಮಟ್ಟ’ ಅನ್ನೋದನ್ನ ಗೊತ್ತು ಮಾಡಿದ್ದು ತೊಂಬತ್ತು ವರ್ಷದ ಹಿಂದಿನ ಮಕ್ಕಳನ್ನ ನೋಡಿ. ಮ್ಯಾಲೆ ಅಂಕಿಗಣ್ಣು ಅವರು ಹೇಳಿದ್ರಲ್ಲ, ಹಳೇ ಕೋಷ್ಟಕಕ್ಕ ಹೊಸ ಮಗೂನ ಹೋಲಿಸಿದ್ರ ಅಂಕ ಉಬ್ಬತಾವು. ಹಂಗಾದ್ರ ಸಹಾಯ ಸಿಗಬೇಕಾದ ಮಗು ಗೆರಿ ಮ್ಯಾಲ ಹೋಗಿ ಕೈ ತಪ್ಪಿ ಹೋಗಬಹುದು. ಅದಕ್ಕ ಬರೇ ಈ ಅಂಕದ ಮ್ಯಾಲ ತೀರ್ಮಾನ ಮಾಡಬಾರದ್ರಿ. ಉಣ್ಣೋದು, ಉಡೋದು, ರೊಕ್ಕ ಎಣಿಸೋದು, ಒಬ್ಬರೇ ಬಸ್ ಹತ್ತೋದು, ಇಂಥ ದಿನದ ಬದುಕಿನ ಅಳತೀನೂ ಜೋಡೀಲೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇನೂ ಎರಡನ್ನೂ ಕೇಳ್ತದ.

ಬಿನೆ 1905ರಾಗ ಪ್ಯಾರಿಸ್ಸಿನೊಳಗ ಇದನ್ನ ಮಾಡಿದ್ದು ಯಾವ ಮಗೂಗ ಹೆಚ್ಚಿನ ಪಾಠ ಬೇಕು ಅಂತ ಹುಡುಕಾಕ. ದೇಶ ದೇಶದ ನಡುವ ಕುಸ್ತಿ ಹಚ್ಚಾಕ ಅಲ್ಲ. ಇನ್ನೊಂದು ಮಾತು. ದವಾಖಾನಿಗೆ ಬರೋದು ಏನಾರ ತೊಂದರೆ ಐತಿ ಅಂತ ಅನುಮಾನ ಬಂದ ಮಕ್ಕಳು. ಅವರ ಅಂಕ ಎತ್ತಿ ‘ಇದು ಕರ್ನಾಟಕದ ಸರಾಸರಿ’ ಅಂದ್ರ ಏನಾಕ್ಕೈತಿ? ಆ ಗಿನಿ ದೇಶಕ್ಕ ಆಗಿದ್ದು ಅದ.

ಪರದೆಯಂಚು

ಸಿನಿಮಾ ಭಾಗಕ್ಕೆ ಬರ್ತೀನಿ. ತುಣುಕು ಎರಡೂವರೆ ನಿಮಿಷ ಮೀರಬಾರದು. ಮೊದಲ ಸಲ ಶಬ್ದ ಬಂದ್ ಮಾಡಿ ತೋರಿಸಿ, ಎರಡನೇ ಸಲ ಶಬ್ದದೊಂದಿಗೆ. ಐದೈದು ಜನರ ಗುಂಪು ಮಾಡಿ ಹಾಳೆಯಲ್ಲಿ ನಾಲ್ಕು ಮನೆ ಹಾಕಿಸಿ: ಪಾತ್ರದ ಕೆಲಸ ಏನು, ನಗು ಬರೋದು ಅವನು ಹೇಳಿದ ವಿಷಯಕ್ಕೋ, ಹೇಳಿದ ಧಾಟಿಗೋ, ಕಥೆಯ ಗಂಟು ಬಿಚ್ಚುವವರು ಯಾರು, ಅವನಿಗೆ ಮನೆ, ಆಸೆ, ಸಿಟ್ಟು ಇದೆಯಾ. ಶಬ್ದ ಬಂದ್ ಇದ್ದಾಗ ಗಂಭೀರವಾಗಿ ಕಂಡವನು ಶಬ್ದ ಬಂದ ಕೂಡಲೇ ನಗೆಪಾಟಲಾದರೆ, ಆ ನಗು ಉಚ್ಚಾರಣೆಯ ಮೇಲೆ ಕಟ್ಟಿದ್ದು ಅಂತ ಅವರೇ ಕಂಡುಕೊಳ್ತಾರೆ.

ಅಮೆರಿಕದಿಂದ ಮೂರು ಸಾಕು. 1986ರ ‘ಶಾರ್ಟ್ ಸರ್ಕ್ಯೂಟ್’ನಲ್ಲಿ ಭಾರತೀಯ ಎಂಜಿನಿಯರ್ ಪಾತ್ರ ಮಾಡಿದ್ದು ಮೈಬಣ್ಣ ಕಪ್ಪಾಗಿಸಿಕೊಂಡ ಬಿಳಿಯ ನಟ ಫಿಶರ್ ಸ್ಟೀವನ್ಸ್. ‘ದಿ ಸಿಂಪ್ಸನ್ಸ್’ನ ಅಪು ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದ ಅಂಗಡಿಯವನು, ಅವನಿಗೆ ದನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ 2020ರಲ್ಲಿ ಹಿಂದೆ ಸರಿದರು. 2007ರಿಂದ 2019ರವರೆಗೆ ಓಡಿದ ‘ದಿ ಬಿಗ್ ಬ್ಯಾಂಗ್ ಥಿಯರಿ’ಯ ರಾಜೇಶ್ ಖಭೌತ ವಿಜ್ಞಾನಿ, ಆದರೆ ಮೊದಲ ಹಲವು ವರ್ಷ ಕುಡಿಯದೆ ಹೆಂಗಸರ ಜೊತೆ ಮಾತೇ ಹೊರಡಲ್ಲ. ಮೂವರಲ್ಲೂ ಒಂದೇ ಲೆಕ್ಕ: ಬುದ್ಧಿ ಕೊಟ್ಟು ಗಂಡಸುತನ, ನಾಯಕತ್ವ, ಘನತೆ ಕಿತ್ತುಕೊಂಡಿದ್ದಾರೆ. ‘ಬುದ್ಧಿವಂತ’ ಅನ್ನೋ ಹೊಗಳಿಕೆಯೂ ಬೇಲಿ ಆಗಬಲ್ಲದು ಅನ್ನೋದು ವಿದ್ಯಾರ್ಥಿಗಳಿಗೆ ಇಲ್ಲಿ ಹೊಳೆಯುತ್ತೆ.

ಕನ್ನಡದ ತುಣುಕನ್ನು ಎರಡನೆಯದಾಗಿ ಇಡಿ, ಕೊನೆಗಲ್ಲ. ಕೊನೆಗಿಟ್ಟರೆ ‘ಪಾಪ, ನಮಗೆ ಎಲ್ಲರೂ ಅನ್ಯಾಯ ಮಾಡ್ತಾರೆ’ ಅನ್ನೋ ಮಾತಲ್ಲೇ ಗಂಟೆ ಮುಗಿದಿರುತ್ತೆ. ನಮ್ಮ ಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು, ಮಂಗಳೂರು ಕನ್ನಡ, ಎಷ್ಟು ಸಲ ನಾಯಕನ ಬಾಯಲ್ಲಿ ಬಂದಿದೆ, ಎಷ್ಟು ಸಲ ಅಡುಗೆಭಟ್ಟ, ಕಾವಲುಗಾರ, ಪೆದ್ದ ಗೆಳೆಯನ ಬಾಯಲ್ಲಿ? ಗೂರ್ಖಾ ಪಾತ್ರಕ್ಕೆ ಹೆಸರಾದರೂ ಇತ್ತೇ? ಹಿಂದಿ ಸಿನಿಮಾದ ‘ಮದ್ರಾಸಿ’ಗೆ ಸಿಟ್ಟಾಗುವ ನಾವು ಇದಕ್ಕೂ ಉತ್ತರ ಕೊಡಬೇಕು. ನವಲೂರ ಪ್ಯಾರಲ ಅವರ ಉತ್ತರವನ್ನು ಅದೇ ಮಾತಿನಲ್ಲಿ ಯಾರಾದರೂ ಓದಿ ಹೇಳಲಿ. ತಜ್ಞರ ಮಾತನ್ನು ಆ ಧಾಟಿಯಲ್ಲಿ ಸಿನಿಮಾದಲ್ಲಿ ಎಷ್ಟು ಸಲ ಕೇಳಿದ್ದೀರಿ ಅಂತ ಆಮೇಲೆ ಕೇಳಿ. ಆದರೆ ಒಂದು ಜಾಗ್ರತೆ: ಆ ಊರಿನ ವಿದ್ಯಾರ್ಥಿಯನ್ನು ಎಬ್ಬಿಸಿ ‘ನಿಮ್ಮಲ್ಲಿ ಹೀಗೇನಾ?’ ಅಂತ ಮಾತ್ರ ಕೇಳಬೇಡಿ.

ಏಷ್ಯಾದ ಕಡೆಗೆ ಸಿಂಗಪುರದ ‘ಐ ನಾಟ್ ಸ್ಟುಪಿಡ್’ ಇಟ್ಟುಕೊಳ್ಳಿ, 2002ರದು, ಜ್ಯಾಕ್ ನಿಯೋ ನಿರ್ದೇಶನ. ಹತ್ತು ವರ್ಷದ ಮಕ್ಕಳನ್ನು ಅಂಕ ನೋಡಿ ಇಎಂ1, ಇಎಂ2, ಇಎಂ3 ಅಂತ ಬೇರ್ಪಡಿಸುತ್ತಿದ್ದ ಕಾಲದ ಕಥೆ. ಮುಖ್ಯ ಪಾತ್ರಗಳು ಎಲ್ಲಕ್ಕಿಂತ ಕೆಳಗಿನ ಇಎಂ3ರ ಮೂವರು ಹುಡುಗರು. ಆ ವಿಂಗಡಣೆ 2008ಕ್ಕೆ ಹೋಯಿತು. 2022ರ ಪೀಸಾ ಗಣಿತದಲ್ಲಿ 575 ತೆಗೆದು ಮೊದಲು ಬಂದ ದೇಶ, ಒಂದು ಕಾಲಕ್ಕೆ ತನ್ನದೇ ಮಕ್ಕಳ ಹಣೆಗೆ ‘ದಡ್ಡ’ ಚೀಟಿ ಅಂಟಿಸುತ್ತಿತ್ತು ಅನ್ನೋದನ್ನು ಪಟ್ಟಿಯ ಪಕ್ಕದಲ್ಲೇ ಇಡಿ. ‘3 ಈಡಿಯಟ್ಸ್’ ಚೀನಾದಲ್ಲಿ ಅಷ್ಟು ಹಿಡಿಸಿದ್ದಕ್ಕೂ ಇದೇ ನಂಟು. 2024ರಲ್ಲಿ ಅಲ್ಲಿನ ಗಾವೋಕಾವೋ ಪ್ರವೇಶ ಪರೀಕ್ಷೆಗೆ ಹೆಸರು ಕೊಟ್ಟವರು 1.34 ಕೋಟಿ. ಆ ಒತ್ತಡ ತಿಂದವರಿಗೆ ನಮ್ಮ ಎಂಜಿನಿಯರಿಂಗ್ ಹಾಸ್ಟೆಲಿನ ಕಥೆಗೆ ವಿವರಣೆ ಬೇಕಿರಲಿಲ್ಲ.

ಕಡಲಾಚೆ

ಮೇಲಿನ ಜಾಗ್ರತೆಗೆ ಪುರಾವೆಯೂ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹ ಬಿಡಿಸಲು ಕೊಟ್ಟರು, 2006ರಲ್ಲಿ ಪ್ರಕಟವಾಯಿತು. ಜಾತಿಯ ಮಾತೇ ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿ ಹುಡುಗರ ನಡುವೆ ಗಮನಿಸುವಂಥ ವ್ಯತ್ಯಾಸ ಬರಲಿಲ್ಲ. ಹೆಸರು, ಊರು, ತಂದೆ ತಾತನ ಹೆಸರು, ಜಾತಿ ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಚಕ್ರವ್ಯೂಹಗಳ ಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಇಳಿಯಿತು. ಹುಡುಗರೂ ಅಂಥವರೇ, ಒಗಟೂ ಅಂಥದ್ದೇ. ಬದಲಾದದ್ದು ಕೂಗಿ ಹೇಳಿದ್ದು ಮಾತ್ರ. ಅಮೆರಿಕದ ಇಂಥ ಪ್ರಯೋಗಗಳಲ್ಲಿ ಕೆಲವು ಮತ್ತೆ ಮಾಡಿದಾಗ ಅದೇ ಫಲ ಕೊಟ್ಟಿಲ್ಲ, ಹಾಗಾಗಿ ‘ಸಾಬೀತಾದ ನಿಯಮ’ ಅಂತ ಹೇಳಬೇಡಿ. ಒಂದು ಅಧ್ಯಯನ ಅಂತ ಹೇಳಿ.

ಚಿತ್ರಸಂಜೆ

ಕೊನೇ ಪ್ರಶ್ನೆ. ಶಕುಂತಲಾ ದೇವಿ ನಮ್ಮ ಬೆಂಗಳೂರಿನವರು. ‘ಭಾರತೀಯರಿಗೆ ಗಣಿತ ರಕ್ತದಲ್ಲೇ ಇದೆ’ ಅನ್ನೋದಕ್ಕೆ ಅವರ ಹೆಸರು ಹೇಳ್ತಾರೆ.

ಅಂಕಿಗಣ್ಣು

ಆ ಹೆಸರನ್ನೇ ಹಿಡಿದುಕೊಳ್ಳಿ, ಅದರಷ್ಟು ಒಳ್ಳೇ ಉದಾಹರಣೆ ಬೇರೆ ಇಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದವರು ಅವರು. 1988ರಲ್ಲಿ ಅವರನ್ನು ಪರೀಕ್ಷಿಸಿದ್ದು ಆರ್ಥರ್ ಜೆನ್ಸೆನ್, ಬುದ್ಧಿಗೂ ಜನಾಂಗಕ್ಕೂ ಗಂಟು ಹಾಕಿ 1969ರಲ್ಲಿ ಬರೆದು ಜಗಳ ಎಬ್ಬಿಸಿದವರೇ. 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಮೂಲಭೂತ ವೇಗದ ಪರೀಕ್ಷೆಗಳಲ್ಲಿ ಶಕುಂತಲಾ ದೇವಿಯವರಲ್ಲಿ ಅಸಾಧಾರಣವಾದ್ದೇನೂ ಕಾಣಲಿಲ್ಲ. ಅಸಾಧಾರಣವಾಗಿದ್ದದ್ದು ಎಳವೆಯಿಂದ ಅಂಕಿಗಳ ಜೊತೆ ಬೆಳೆದ ಒಡನಾಟ.

ಜೆನ್ಸೆನ್ ಕೇಳಿದ ಲೆಕ್ಕಗಳಲ್ಲಿ ಒಂದು 61,629,875ರ ಘನಮೂಲ. ಅದನ್ನು ಬೋರ್ಡಿನ ಮೇಲೆ ಹೀಗೆ ಬಿಡಿಸಿ ತೋರಿಸಿ. ಪೂರ್ಣ ಘನ ಅಂತ ಗೊತ್ತಿದ್ದರೆ ಸಾಕು. ಕೊನೇ ಅಂಕಿ 5, ಘನ 5ರಲ್ಲಿ ಮುಗಿಯೋದು ಮೂಲ 5ರಲ್ಲಿ ಮುಗಿದಾಗ ಮಾತ್ರ. ಬಿಡಿ ಸ್ಥಾನ ಸಿಕ್ಕಿತು. ಮೊದಲ ಭಾಗ 61. 3ರ ಘನ 27, 4ರ ಘನ 64, ಎರಡರ ನಡುವೆ ಇದೆ, ಹಾಗಾಗಿ ನೂರರ ಸ್ಥಾನ 3. ಈಗ ಎಲ್ಲ ಅಂಕಿ ಕೂಡಿಸಿ: 44. ಅದನ್ನು 9ರಿಂದ ಭಾಗಿಸಿದರೆ ಶೇಷ 8. ಘನದ ಶೇಷ 8 ಆಗಬೇಕಾದರೆ ಮೂಲವನ್ನು 3ರಿಂದ ಭಾಗಿಸಿದಾಗ ಶೇಷ 2 ಬರಬೇಕು. 3 ಮತ್ತು 5 ಸೇರಿ 8, ಅದರ ಶೇಷ ಆಗಲೇ 2. ಆದ್ದರಿಂದ ನಡುವಿನ ಅಂಕಿ 0, 3, 6, 9ರಲ್ಲಿ ಒಂದು. 61 ಇರೋದು 64ರ ಮಗ್ಗುಲಲ್ಲೇ, ಹಾಗಾಗಿ 9. ಉತ್ತರ 395.

ಇಲ್ಲಿ ಒಂದು ಕಡೆ ಎಡವುತ್ತಾರೆ: ಪೂರ್ಣ ಘನವಲ್ಲದ ಸಂಖ್ಯೆ ಕೊಟ್ಟರೂ ಈ ವಿಧಾನ ಏನೋ ಒಂದು ಉತ್ತರ ಕೊಟ್ಟುಬಿಡುತ್ತೆ. ಅಭ್ಯಾಸಕ್ಕೆ 48,627,125 ಕೊಡಿ. ಹತ್ತು ನಿಮಿಷದಲ್ಲಿ ಹಿಂದಿನ ಬೆಂಚಿನವರೂ 365 ಅಂತ ಕೂಗ್ತಾರೆ.